ಲಾಲ್‌ಬಾಗಿನ ನೆಲ

"ತಲೆ ಎತ್ತಬೇಡ ಕಣೇ. ಬೂರುಗದ ಮರದ ಕೆಳಗೆ ಕೂತಿದಾರೆ. ನಮ್ಮ ಕಡೇನೇ ನೋಡ್ತಿದಾರೆ," ಎಂದು ಕೃಷ್ಣಮ್ಮ ಮಗಳ ಮೊಣಕೈ ಹಿಂಡಿದಳು.

ತಿರುಮಲಮ್ಮ ತಲೆ ಎತ್ತಲಿಲ್ಲ. ಲಾಲ್‌ಬಾಗಿನ ಗೇಟು ದಾಟಿದಾಗಿನಿಂದ ಅವಳು ಕಂಡದ್ದು ಕೆಮ್ಮಣ್ಣಿನ ದಾರಿ, ದಾರಿಯಂಚಿಗೆ ಓರೆಯಾಗಿ ನೆಟ್ಟ ಇಟ್ಟಿಗೆ, ಮತ್ತೆ ಸೀರೆಯ ನೆರಿಗೆಯಡಿಯಿಂದ ಒಂದಾದ ಮೇಲೊಂದು ಇಣುಕುತ್ತಿದ್ದ ತನ್ನವೇ ಹೆಬ್ಬೆರಳುಗಳು. ಮುಂದೆ ಹೋಗುತ್ತಿದ್ದ ಸೋದರಮಾವ ಪ್ರಹ್ಲಾದ ಮರಮರಕ್ಕೂ ನಿಂತು, ಅದಕ್ಕೆ ಹೊಡೆದಿದ್ದ ತಗಡನ್ನು ಗಟ್ಟಿಯಾಗಿ ಓದುತ್ತಿದ್ದ. "ಇದು ಬ್ರೆಜಿಲ್ ದೇಶದ್ದಂತೆ ಅಕ್ಕ. ಅಬ್ಬಾ, ತುದಿ ನೋಡ್ಬೇಕಾದ್ರೆ ಪೇಟ ಬೀಳುತ್ತೆ!" ಕೃಷ್ಣಮ್ಮ ತುದಿ ನೋಡಿದಳು. ತಿರುಮಲಮ್ಮನ ಪಾಲಿಗೆ ಬಂದದ್ದು ಬ್ರೆಜಿಲ್ ದೇಶದ ನೆರಳು.

ಮುಳಬಾಗಿಲಿಗೆ ಬಂದು ಅವಳನ್ನು ನೋಡಿ ಹೋಗಿದ್ದ ಎರಡು ಸಂಬಂಧಗಳೂ ಒಂದೇ ಮಾತಿಗೆ ತಪ್ಪಿಹೋಗಿದ್ದವು. "ಹುಡುಗಿ ಲಕ್ಷಣವಾಗಿದಾಳೆ, ಆದ್ರೆ ಕಣ್ಣು ಜೋರು." ಹಾಗೆ ನೋಡಿದರೆ ಅವಳಷ್ಟು ಸಂಕೋಚದ ಹುಡುಗಿ ಆ ಬೀದಿಯಲ್ಲೇ ಇರಲಿಲ್ಲ. ನಾಲ್ಕನೇ ತರಗತಿಗೆ ಸ್ಕೂಲು ಬಿಡಿಸಿದ ಮೇಲೆ ಅವಳಿಗೆ ಉಳಿದದ್ದು ಅಡುಗೆಮನೆಯ ಕಿಟಕಿ ಒಂದೇ. ಅಲ್ಲಿ ನಿಂತು ಬೀದಿಯನ್ನು ನೋಡಿ ನೋಡಿ, ಎಣ್ಣೆ ಮಾರುವವಳಿಗೆ ಯಾವ ಮಂಡಿ ನೋಯುತ್ತದೆ, ಯಾವ ಮನೆಯ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಗಂಡಿನ ತಂದೆ ಬಂದು ಕೂತಾಗಲೂ ಅಷ್ಟೇ ಸಹಜವಾಗಿ ನೋಡಿದ್ದಳು. ಅವರ ಕೋಟಿನ ಒಂದು ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಅದನ್ನು ಅವಳು ನೋಡಿದ್ದನ್ನು ಅವರೂ ನೋಡಿಬಿಟ್ಟಿದ್ದರು.

ಮೂರನೆಯ ಸಂಬಂಧಕ್ಕೆ ಈ ದಾರಿ ಹುಡುಕಿದವನು ಪ್ರಹ್ಲಾದ. ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಬೆಂಗಳೂರಿನ ರೀತಿನೀತಿಗಳೆಲ್ಲ ತನ್ನ ಅಂಗೈಯಲ್ಲಿವೆ ಎಂಬ ನಂಬಿಕೆ. "ಈಗ ಅಲ್ಲಿ ಎಲ್ಲಾ ಹೀಗೇ ಅಕ್ಕ. ಅವರು ಗಾಳಿ ತೊಗೊಳ್ಳೋಕೆ ಬಂದಿರ್ತಾರೆ, ನಾವೂ ಗಾಳಿ ತೊಗೊಳ್ಳೋಕೆ ಬಂದಿರ್ತೀವಿ. ಒಪ್ಪಿದ್ರೆ ಹೇಳಿ ಕಳಿಸ್ತಾರೆ. ಇಲ್ವಾ, ಯಾರೂ ಯಾರನ್ನೂ ನೋಡೇ ಇಲ್ಲ. ಉಪ್ಪಿಟ್ಟು ಕೇಸರಿಬಾತ್ ಮಾಡ್ಕೊಂಡು ಕಾಯೋ ಕರ್ಮ ತಪ್ಪುತ್ತೆ." ಗಂಡಿನ ಕಡೆಯವರ ಮುಖ ಅವನಿಗೂ ಗೊತ್ತಿರಲಿಲ್ಲ. ಮಾತಾಡಿದ್ದು ನಡುವಿನವರೊಬ್ಬರ ಮೂಲಕ: ಸಾಯಂಕಾಲ, ದೊಡ್ಡ ಬೂರುಗದ ಮರದ ಕೆಳಗೆ, ಹುಡುಗ, ಅವನ ತಾಯಿ, ತಂಗಿ.

ಲಾಲ್‌ಬಾಗ್ ಅಂದಾಗ ತಿರುಮಲಮ್ಮನಿಗೆ ಗಂಡಿಗಿಂತ ಮೊದಲು ನೆನಪಾದದ್ದು ಗಾಜಿನ ಮನೆ. ಸ್ಕೂಲಿನ ಮೇಷ್ಟರು ಒಮ್ಮೆ ಹೇಳಿದ್ದರು, ಅದರೊಳಗೆ ನಿಂತರೆ ಮಳೆ ತಲೆಯ ಮೇಲೇ ಬಿದ್ದು ಹರಿಯುವುದು ಕಾಣುತ್ತದೆ, ಆದರೆ ಹನಿ ತಾಗುವುದಿಲ್ಲ ಎಂದು. ಅಂದಿನಿಂದ ಅವಳಿಗೆ ಅದನ್ನು ಒಮ್ಮೆ ನೋಡಬೇಕೆಂಬ ಆಸೆ. ಯುದ್ಧದ ಕಾಲ, ಇದ್ದಿಲು ಉರಿಸಿ ಓಡುವ ಬಸ್ಸು ಕೋಲಾರ ಮುಟ್ಟುವಷ್ಟರಲ್ಲಿ ಮೂರು ಸಲ ನಿಂತಿತ್ತು. ಅವಳಿಗೆ ಬೇಸರವಾಗಿರಲಿಲ್ಲ. ನರಸಾಪುರದ ಹತ್ತಿರ ಮತ್ತೆ ನಿಂತಾಗ ಕೃಷ್ಣಮ್ಮ ಮಗಳ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. "ನನ್ನ ಮೇಲಾಣೆ ತಿರುಮಲ. ಅಲ್ಲಿ ಕಣ್ಣು ನೆಲದ ಮೇಲಿರ್ಬೇಕು. ಇದೊಂದು ಕೈತಪ್ಪಿದ್ರೆ ನಿಮ್ಮಪ್ಪ ಮತ್ತೆ ಯಾರ ಮನೆ ಬಾಗಿಲಿಗೂ ಹೋಗಲ್ಲ."

ಹಾಗಾಗಿ ಈಗ ಅವಳು ನೆಲ ನೋಡುತ್ತಿದ್ದಳು. ಸಿಪಾಯಿಗಳ ಬೂಟುಗಳು ಹೋದವು. ಯಾವುದೋ ಮಗುವಿನ ಬಿಳಿ ಕಾಲುಚೀಲ ಹೋಯಿತು. ಕಡಲೆಕಾಯಿ ಸಿಪ್ಪೆ, ಊಟದ ತಟ್ಟೆಯಷ್ಟು ಅಗಲದ ಒಂದು ಎಲೆ. ಇಷ್ಟು ದೊಡ್ಡ ಎಲೆ ಬಿಡುವ ಮರ ಹೇಗಿರಬಹುದು? ಎಲ್ಲೋ ಬ್ಯಾಂಡು ಬಾರಿಸುತ್ತಿದ್ದರು. ಕುತ್ತಿಗೆಯ ಹಿಂದೆ ನೋವು ಶುರುವಾಯಿತು. ಅವರು ಬೂರುಗದ ಮರದ ಮುಂದೆ ಒಂದು ಸಲ ನಡೆದರು, ಹಿಂದಿರುಗಿ ನಡೆದರು, ಕೂತವರಿಗೆ ಕಾಣಲಿಲ್ಲವೇನೋ ಎಂದು ಮತ್ತೂ ನಡೆದರು.

"ಎಡಗಡೆ ಗಾಜಿನ ಮನೆ ಅಕ್ಕ," ಎಂದ ಪ್ರಹ್ಲಾದ. "ಬಿಸಿಲಿಗೆ ಹೇಗೆ ಹೊಳೀತಿದೆ!"

ದಾರಿಯ ಮೇಲೆ ಒಂದು ತುಂಡು ಬೆಳಕು ಬಿದ್ದಿತ್ತು. ಅದು ಗಾಜಿನದೋ, ಬರಿಯ ಬಿಸಿಲೋ. ತಿರುಮಲಮ್ಮ ಅದನ್ನು ತುಳಿಯದೆ ಸುತ್ತಿ ದಾಟಿದಳು.

ಆಗ ಮರದ ಕಡೆಯಿಂದ ಎರಡು ಪಾದಗಳು ಎದುರಿಗೆ ಬಂದು ನಿಂತವು. ಕೃಷ್ಣಮ್ಮ ಮಗಳ ಮೊಣಕೈಯನ್ನು ಮತ್ತೆ ಹಿಂಡಿದಳು.

"ಯಾಕಮ್ಮಾ, ಏನು ಕಳ್ಕೊಂಡ್ರಿ?" ಎಂದಿತು ಕನಿಕರದ ದನಿ. "ಆಗಿಂದ ನೋಡ್ತಿದೀನಿ, ಪಾಪಂ, ಮಗು ನೆಲ ಬಿಟ್ಟು ಕಣ್ಣು ಎತ್ತಿಲ್ಲ. ಮೂಗುಬೊಟ್ಟಾ? ಹೇಳಿ, ನಾವೂ ಹುಡುಕ್ತೀವಿ. ಏಯ್, ಬಾರೋ ಇಲ್ಲಿ, ಸೊಸೇನೂ ಕರ್ಕೊಂಡು ಬಾ!"

"ಸೊಸೆ?" ಎಂದಳು ಕೃಷ್ಣಮ್ಮ.

"ಹೋದ ತಿಂಗಳು ಮದುವೆಯಾಯ್ತು. ಮಾಲೂರು ನಮ್ದು. ಹೊಸ ಜೋಡಿಗೆ ಲಾಲ್‌ಬಾಗ್ ತೋರಿಸೋಣ ಅಂತ ಬಂದ್ವಿ."

"ಏನೂ ಕಳೆದಿಲ್ಲಮ್ಮ, ಊರಿಕೇನೆ, ಸುಮ್ನೆ ತಿರುಗಾಡ್ತಾ ಇದ್ವಿ," ಎಂದು ಪ್ರಹ್ಲಾದ ತಡವರಿಸಿದ. ಆ ಹೆಂಗಸು ನಂಬದೆ ಇನ್ನೊಂದಿಷ್ಟು ಹೊತ್ತು ಹುಲ್ಲಿನಲ್ಲಿ ಹುಡುಕಿಯೇ ಹೋದಳು.

"ನಿನ್ನ ಬೆಂಗಳೂರಿಗಿಷ್ಟು ಬೆಂಕಿ ಹಾಕ!" ಕೃಷ್ಣಮ್ಮ ತಮ್ಮನ ಮೇಲೆ ಹರಿಹಾಯ್ದಳು. "ಯಾರದೋ ಗಂಡನ ಮುಂದೆ ನನ್ನ ಮಗಳನ್ನ ಮೆರವಣಿಗೆ ಮಾಡ್ಸಿದ್ಯಲ್ಲೋ!"

"ನಾನೇನು ಮಾಡ್ಲಿ ಅಕ್ಕ? ಕೋಟು, ಜರಿ ಪೇಟ ಅಂದ್ರು. ಅರ್ಧ ಲಾಲ್‌ಬಾಗ್ ಕೋಟು, ಜರಿ ಪೇಟ ಹಾಕ್ಕೊಂಡು ಬಂದಿದೆ."

ತಿರುಮಲಮ್ಮ ಮೆಲ್ಲಗೆ ಕೇಳಿದಳು, "ಅಮ್ಮಾ, ಈಗ ಗಾಜಿನ ಮನೆ ನೋಡ್ಲಾ?"

ಕೃಷ್ಣಮ್ಮ ಸುತ್ತಲೂ ಒಮ್ಮೆ ನೋಡಿದಳು. "ಬೇಡ. ಅವರು ಇಲ್ಲೇ ಎಲ್ಲಾದ್ರೂ ಇದ್ರೆ? ಗೇಟಿನವರೆಗೂ ಹೀಗೇ ನಡಿ. ಬಸ್ಸಿಗೂ ಹೊತ್ತಾಯ್ತು. ಮದುವೆಯಾದ ಮೇಲೆ ಗಂಡನ ಜೊತೆ ಬಂದು ಕಣ್ತುಂಬ ನೋಡ್ಕೋ."

ವಾರ ಕಳೆದ ಮೇಲೆ ಪ್ರಹ್ಲಾದ ಓಡೋಡಿ ಮುಳಬಾಗಿಲಿಗೆ ಬಂದ. ಮರದ ಕೆಳಗೆ ಬೇರೆ ಯಾರೋ ಕೂತಿದ್ದರೆಂದು ಗಂಡಿನವರು ಅಲ್ಲೇ ಎದುರಿಗಿದ್ದ ಕೊಳದ ಕಟ್ಟೆಯ ಮೇಲೆ ಕೂತಿದ್ದರಂತೆ. ಎಲ್ಲವನ್ನೂ ಕಂಡಿದ್ದರು. "ಯಾರೋ ಬಂದು ಮಾತಾಡ್ಸಿದ್ರೂ ಹುಡುಗಿ ತಲೆ ಎತ್ತಲಿಲ್ಲ, ಈ ಕಾಲದಲ್ಲಿ ಇಂಥವಳು ಎಲ್ಲಿ ಸಿಗ್ತಾಳೆ ಅಂತ ಆ ತಾಯಿ ಹೇಳಿದ್ದೇ ಹೇಳಿದ್ದು ಅಕ್ಕ!" ಕೃಷ್ಣಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ತಿರುಮಲಮ್ಮ ಒಲೆಯ ಮುಂದೆ ಕೂತು ಹಾಲು ಉಕ್ಕುವವರೆಗೂ ನೋಡುತ್ತಿದ್ದು, ಉಕ್ಕಿದ ಮೇಲೂ ಇಳಿಸಲು ಮರೆತಳು.

ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದಳು. ಗಂಡ ಸುಬ್ರಹ್ಮಣ್ಯ ಕಚೇರಿಯಲ್ಲಿ ಗುಮಾಸ್ತ, ಒಳ್ಳೆಯ ಮನುಷ್ಯ. ಮನೆಗೆ ಯಾರು ಬಂದರೂ ಹೇಳುತ್ತಿದ್ದ: "ಇವಳನ್ನ ನಾನು ನೋಡಿದ್ದು ಲಾಲ್‌ಬಾಗಲ್ಲಿ. ಅಷ್ಟು ಹೂವಿದ್ರೂ ಒಂದರ ಕಡೆಗೂ ಕಣ್ಣು ಹಾಯಿಸಲಿಲ್ಲ ನೋಡಿ." ಅತ್ತೆ ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿ ಹೇಳಿ, ಬೀದಿಯಲ್ಲಿ ಅವಳಿಗೆ ತಲೆ ಎತ್ತದ ಸೊಸೆ ಎಂದೇ ಹೆಸರಾಯಿತು. ಹೆಸರಾದ ಮೇಲೆ ಎತ್ತುವುದು ಹೇಗೆ? ಅಡುಗೆಮನೆಗೆ ಇದ್ದ ಒಂದು ಕಿಟಕಿ ಹಿತ್ತಲ ಗೋಡೆಯ ಕಡೆಗಿತ್ತು.

ಒಮ್ಮೆ ಧೈರ್ಯ ಮಾಡಿ ಗಂಡನಿಗೆ ಹೇಳಿದಳು. "ಅವತ್ತು ನನಗೆ ಎಲ್ಲಾನೂ ನೋಡ್ಬೇಕು ಅಂತಿತ್ತು."

ಅವನು ನಕ್ಕ. "ನೀನಾ? ನಿನಗೆ ಅಂಥ ಚಪಲ ಎಲ್ಲಿ ಬರ್ಬೇಕು? ಹೋಗೋಣ ಬಿಡು, ಯಾವತ್ತಾದ್ರೂ." ಆ ವರ್ಷ ಅವಳು ಬಸುರಿ. ಮರುವರ್ಷ ಅತ್ತೆಗೆ ವಾತ. ಆಮೇಲೆ ಇನ್ನೊಂದು ಮಗು. ಹೋಗೋಣ ಎನ್ನುವುದನ್ನು ಅವನೂ ಬಿಟ್ಟ, ಅವಳೂ ಬಿಟ್ಟಳು.

ಒಂದು ಮಾಘದಲ್ಲಿ ಗೌನಿಪಲ್ಲಿಯ ಕಡೆಯ ಪರಿಚಯದವರು ತಮ್ಮ ಮಾವಿನ ತೋಟಕ್ಕೆ ಎಲ್ಲರನ್ನೂ ಊಟಕ್ಕೆ ಕರೆದರು. ಗಾಡಿ ಇಳಿಯುತ್ತಲೇ ಎಲ್ಲರೂ ಕತ್ತೆತ್ತಿ ನಿಂತರು. "ಅಬ್ಬಾ, ಕೊಂಬೇನೇ ಕಾಣಲ್ಲವಲ್ಲೇ! ಎಂಥ ಹೂವು, ಎಂಥ ಹೂವು!" ಎಂದು ಅತ್ತೆಯೂ ಹಣೆಗೆ ಕೈ ಅಡ್ಡ ಹಿಡಿದು ಬೆರಗಾದಳು. ತಿರುಮಲಮ್ಮ ಅವಳ ಪಕ್ಕದಲ್ಲಿ, ಕಂಕುಳಲ್ಲಿ ಮಗುವಿನೊಂದಿಗೆ ನಿಂತಿದ್ದಳು. ಮೇಲೆ ಜೇನುಹುಳುಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಮಗು ಮೇಲಕ್ಕೆ ಕೈ ಚಾಚಿ ಅವಳ ಗದ್ದವನ್ನು ತಳ್ಳುತ್ತಿತ್ತು. ಅವಳು ನೋಡುತ್ತಿದ್ದ ತನ್ನ ಕಾಲ್ಬೆರಳುಗಳ ಮೇಲೆ ಹೂವಿನ ಹಳದಿ ಪುಡಿ ಮೆಲ್ಲಗೆ ಉದುರುತ್ತಲೇ ಇತ್ತು.