ಸವೆದ ಹೆಬ್ಬೆರಳು

ಸೌದಿ ಅರೇಬಿಯಾದ ಜಿಜಾನ್‌ನ ಗಡಿ ಕಚೇರಿಯ ಹೆಂಗಸರ ಕೋಣೆಯಲ್ಲಿ ಬೆರಳಚ್ಚು ತೆಗೆಯುವುದು ನನ್ನ ಕೆಲಸ. ಗಡಿ ನುಸುಳಿ ಸಿಕ್ಕಿಬಿದ್ದ ಇಥಿಯೋಪಿಯಾದ ಹೆಂಗಸೊಬ್ಬಳ ಹೆಬ್ಬೆರಳು ದುಡಿದು ಸವೆದಿತ್ತು. ಎಷ್ಟು ಒತ್ತಿದರೂ ಕೆಂಪು ದೀಪವೇ. ಈ ಮೆಷಿನ್‌ಗೆ ಎಂತ ರೋಗ ಮಾರಾಯ!

ಊರಲ್ಲಿ ಬೀಡಿ ಕಟ್ಟಿ ಬೆರಳು ಸವೆದ ನನ್ನ ಉಮ್ಮ, ರೇಷನ್ ಅಂಗಡಿಯಲ್ಲಿ ಹೆಬ್ಬೆರಳನ್ನು ಎಣ್ಣೆ ಹಚ್ಚಿದ ತಲೆಗೆ ಉಜ್ಜಿ ಒತ್ತುತ್ತಿದ್ದರು. ಇವಳ ತಲೆಯಲ್ಲೋ ಬರೀ ಧೂಳು. ನಾನು ಸ್ಕಾರ್ಫ್ ಸರಿಸಿ, ಅವಳ ಬೆರಳನ್ನು ಎಣ್ಣೆ ಹಚ್ಚಿದ ನನ್ನ ತಲೆಗೇ ಉಜ್ಜಿ ಒತ್ತಿಸಿದೆ. ಹಸಿರು ದೀಪ ಹತ್ತಿತು.

ಆ ಅಚ್ಚು ಸುತ್ತಲಿನ ಎಲ್ಲ ಕೊಲ್ಲಿ ದೇಶಗಳ ಗಡಿಗೂ ಹೋಗುತ್ತದೆ. ಇನ್ನು ಯಾರೂ ಅವಳನ್ನು ಒಳಗೆ ಬಿಡುವುದಿಲ್ಲ. ಅದು ಅವಳಿಗೂ ಗೊತ್ತು. ಆದರೂ ಕೈ ಚಾಚಿ, ಕೆದರಿದ ನನ್ನ ಕೂದಲನ್ನು ಒಪ್ಪ ಮಾಡಿ, ಸ್ಕಾರ್ಫನ್ನು ತಾನೇ ಹೊದಿಸಿದಳು.