ನೂರಾ ಹದಿನೆಂಟನೇ ಪುಟದ ಅಂಚು

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಗ್ಗೆ ಹತ್ತಾಗಿತ್ತು. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಶಿವು ನನ್ನ ಹೋಟ್ಲಿನ ಬೋಂಡದ ಗಾಜಿನ ಪೆಟ್ಟಿಗೆ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟು, "ಕನ್ನಮ್ಮತ್ತೆ, ಸಾಗರದ ಬಸ್ಸು ಬಂದ ಕೂಡ್ಲೆ ನಿರಂಜನನ ಕೈಗೆ ಕೊಟ್ಬಿಡಿ" ಅಂದ.

ಹೋಟ್ಲು ಅಂದ್ರೆ ಹೊಸನಗರ ಬಸ್ ಸ್ಟ್ಯಾಂಡಿನ ಹಿಂಬದಿ ಎರಡು ಬೆಂಚು, ಒಂದು ಒಲೆ. ತೀರ್ಥಹಳ್ಳಿ ಕಡೆಯ ಬಸ್ಸು ಅಲ್ಲಿಗೆ ಬಂದು ತಿರುಗುತ್ತೆ, ಕಂಡಕ್ಟರ್ ನಿರಂಜನನ ಬಸ್ಸು ಅಲ್ಲಿಂದ ಸಾಗರಕ್ಕೆ ಹೊರಡುತ್ತೆ. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದ ಸಾಮಾನೆಲ್ಲ ನಡುವೆ ನನ್ನ ಹತ್ರ ಕೂರುತ್ತೆ. ಮದುವೆ ಕಾಗದ, ಹೊಲಿಸಿದ ರವಿಕೆ, ಕನ್ನಡಕ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. ಇಪ್ಪತ್ತಾರು ವರ್ಷದಲ್ಲಿ ಯಾರ ಗಂಟನ್ನೂ ನಾನು ಬಿಚ್ಚಿ ನೋಡಿದವಳಲ್ಲ.

ಆವತ್ತು ಸಾಗರದ ಬಸ್ಸು ಬರಲಿಲ್ಲ. ಏನೋ ರಿಪೇರಿ ಅಂತೆ, ಮಾರನೇ ದಿನವೂ ಇಲ್ಲ. ಚೀಲದೊಳಗೆ ಒಂದು ಪುಸ್ತಕ. ಹೊದಿಕೆ ಮೇಲೆ ಕೋಟೆ, ಕೋಟೆ ಮೇಲೆ ಒಬ್ಬಳು ರಾಜಕುಮಾರಿ, ಕೆಳಗೆ ಕುದುರೆ ಮೇಲೊಬ್ಬ. ಎಣ್ಣೆ ಹಾರದೇ ಇರ್ಲಿ ಅಂತ ಒಳಗೆ ಎತ್ತಿಟ್ಟೆ. ಒಳಗಿಟ್ಟ ಮೇಲೆ ಧೂಳು ಒರೆಸೋಣ ಅನ್ನಿಸ್ತು. ಒರೆಸುವಾಗ ತೆರೀತು.

ನಾನು ಶಾಲೆಗೆ ಹೋಗಿದ್ದು ಮೂರನೇ ಕ್ಲಾಸಿನ ಅರ್ಧದ ತನಕ. ಆಮೇಲೆ ತಮ್ಮ ಹುಟ್ಟಿದ, ಅವನನ್ನ ಎತ್ಕೊಳ್ಳೋಕೆ ಒಂದು ಕೈ ಬೇಕಾಯ್ತು. ಅಕ್ಷರ ಮರೆತಿರಲಿಲ್ಲ, ಆದ್ರೆ ಬಸ್ಸಿನ ಬೋರ್ಡು ಬಿಟ್ಟು ಬೇರೆ ಉಪಯೋಗಕ್ಕೆ ಬಂದಿರಲಿಲ್ಲ. ಒಂದು ಸಾಲು ಓದೋಕೆ ಬೆರಳು ಬೇಕು, ತುಟಿಯೂ ಬೇಕು. ಮೊದಲನೇ ಪುಟಕ್ಕೆ ಒಂದು ಗಂಟೆ ಹಿಡೀತು. ಅಷ್ಟರಲ್ಲಿ ರಾಜಕುಮಾರ ಕುದುರೆಯಿಂದ ಇಳಿದಿದ್ದ, ಅಷ್ಟೆ. ಎರಡನೇ ಪುಟದಲ್ಲಿ ಕೆರೆ ದಂಡೇಲಿ ಅವಳನ್ನ ನೋಡಿದ. ಒಲೆ ಮೇಲಿದ್ದ ಹಾಲು ಉಕ್ಕಿ, ಒಲೆ ಆರಿ, ಉಳಿದ ಹಾಲು ತಣ್ಣಗಾಗಿದೆ ಅಂತ ನನಗೆ ಗೊತ್ತಾಗಿದ್ದು ಮೂರನೇ ಪುಟದಲ್ಲಿ.

ಪುಸ್ತಕ ಯಾರದು ಅಂತ ಶಿವುನ ಕೇಳಿದೆ.

"ಅರಳಸುರಳಿಯ ಸೀತಾರಾಮಪ್ಪೋರದ್ದು. ಲೈನ್‌ಮನ್ ಆಗಿದ್ರಲ್ಲ, ಈಗ ರಿಟೈರು. ಅವ್ರ ಹೆಂಡ್ತಿ ಸತ್ತೋದ್ರು, ಎರಡು ಟ್ರಂಕು ಇಂಥವೇ ಬಿಟ್ಟು. ಆಸ್ಪತ್ರೇಲಿ ಆಯಮ್ಮನ್ನ ನೋಡ್ಕೊಂಡ ನರ್ಸೂ ರಿಟೈರಾಗಿ ಈಗ ಸಾಗರದಲ್ಲಿ ಅಣ್ಣನ ಮನೇಲಿದಾರೆ, ಶ್ಯಾಮಲಾ ಅಂತ. ಅವ್ರಿಗೆ ಓದೋ ಹುಚ್ಚು. ಇವ್ರು ಒಂದೊಂದೇ ಕಳಿಸ್ತಾರೆ, ಅವ್ರು ಓದಿ ವಾಪಸ್ ಕಳಿಸ್ತಾರೆ. ನಾನು ಹೊರೋ ಕತ್ತೆ."

"ನೀನೆಲ್ಲಿ ಹೊರ್ತೀಯ, ಬಸ್ಸು ಹೊರುತ್ತೆ" ಅಂದೆ.

ಅಲ್ಲಿಂದ ನನ್ನದೊಂದು ಪದ್ಧತಿ ಆಯ್ತು. ಪುಸ್ತಕ ಸಾಗರಕ್ಕೆ ಹೋಗುವಾಗ ನಾಲ್ಕು ದಿನ ನನ್ನ ಹತ್ರ ನಿಲ್ಲೋದು, ಮೊದಲರ್ಧ ಓದೋದು. ವಾಪಸ್ ಬರುವಾಗ ನಾಲ್ಕು ದಿನ ನಿಲ್ಲೋದು, ಕೊನೆಯರ್ಧ ಓದೋದು. ಕೇಳಿದೋರಿಗೆ ಬಸ್ಸು ರಶ್ಶು, ನಿರಂಜನ ಮರೆತ ಅಂತ ಹೇಳೋದು. ನಿರಂಜನನಿಗೆ ಬಿಟ್ಟಿ ಚಾ. ಆರು ತಿಂಗಳಿಗೆ ಬೆರಳು ಬಿಟ್ಟೆ, ತುಟಿ ಮಾತ್ರ ಇವತ್ತಿಗೂ ಆಡುತ್ತೆ.

ಹೀಗೆ ಅರ್ಧರ್ಧ ಓದೋದರ ಸುಖ ಪೂರ್ತಿ ಓದೋರಿಗೆ ಗೊತ್ತಿಲ್ಲ. ಪುಸ್ತಕದ ಮಧ್ಯಕ್ಕೆ ಸರಿಯಾಗಿ ರಾಜಕುಮಾರ ಸೆರೆಮನೇಲಿ ಬಿದ್ದಿರ್ತಿದ್ದ. ಪುಸ್ತಕ ಸಾಗರದಲ್ಲಿ ಇರ್ತಿತ್ತು. ಅದು ತಿರುಗಿ ಬರೋ ಹತ್ತು ದಿನ ಇಡ್ಲಿ ಬೇಯಿಸ್ತಾ ನಾನೇ ಅವನನ್ನ ಬಿಡಿಸ್ತಿದ್ದೆ, ದಿನಕ್ಕೊಂದು ಉಪಾಯ. ಕಾವಲುಗಾರನಿಗೆ ಮತ್ತಿನ ಪಾನಕ ಕುಡಿಸಿದೆ, ಗೋಡೆ ಕೊರೆಸಿದೆ, ಒಂದು ಸಲ ಹೆಣ ಅಂತ ಚಾಪೆ ಸುತ್ತಿ ಸಾಗಿಸಿದೆ. ಬರೆದೋನ ಉಪಾಯಕ್ಕಿಂತ ಎಷ್ಟೋ ಸಲ ನಂದೇ ವಾಸಿ ಇರ್ತಿತ್ತು.

ಪುಸ್ತಕದ ಅಂಚಿನಲ್ಲಿ ಅವರಿಬ್ಬರೂ ಪೆನ್ಸಿಲಿನಲ್ಲಿ ಬರೀತಿದ್ರು. ಸೀತಾರಾಮಪ್ಪನವರದು ಓರೆ ಅಕ್ಷರ: 'ಇಷ್ಟೆತ್ತರದ ಗೋಡೆಯನ್ನು ರೇಷ್ಮೆ ಸೀರೆ ಹಿಡಿದು ಹತ್ತಲು ಆಗುವುದಿಲ್ಲ. ನಾನು ಮೂವತ್ತೊಂದು ವರ್ಷ ಕಂಬ ಹತ್ತಿದವನು.' ಶ್ಯಾಮಲಾ ಅವರದು ಗುಂಡು ಅಕ್ಷರ: 'ಎದೆಗೆ ಬಾಣ ಹೊಕ್ಕವನು ಎರಡು ಪುಟ ಮಾತಾಡಲ್ಲ.' ಹಾಗಂತ ಬಿಡ್ತಿರಲಿಲ್ಲ. ಅದೇ ಬಾಣದ ಪುಟದ ತಳದಲ್ಲಿ, 'ಆದರೂ ಅತ್ತುಬಿಟ್ಟೆ' ಅಂತಲೂ ಇತ್ತು.

ಎಂಟೋ ಒಂಬತ್ತೋ ಪುಸ್ತಕದ ತನಕ ನಾನು ಸುಮ್ನಿದ್ದೆ. ಒಂದರಲ್ಲಿ ಅರಮನೆ ಔತಣ ಬಂತು, ಏಳು ಬಗೆ ಪಾಯಸ. ತಡೀಲಿಲ್ಲ. ಲೆಕ್ಕ ಬರೆಯೋ ಪೆನ್ಸಿಲು ತಗೊಂಡು, 'ಒಂದೇ ಹೊತ್ತಿಗೆ ಏಳು ಪಾಯಸ ಮಾಡಿದ್ದು ಯಾರು? ಅಡುಗೆಯವರ ಹೆಸರಿಲ್ಲ' ಅಂತ ಬರೆದೆ.

ಅದೇ ಪುಸ್ತಕ ವಾಪಸ್ ಬಂದಾಗ ಗುಂಡು ಅಕ್ಷರ ಹೇಳ್ತಿತ್ತು: 'ನನಗೂ ಅದೇ ಅನುಮಾನ.' ಮುಂದಿನ ಪುಸ್ತಕದ ಮೊದಲ ಪುಟದಲ್ಲಿ ಓರೆ ಅಕ್ಷರ: 'ಮೂರನೆಯವರು ಯಾರೋ ಗೊತ್ತಿಲ್ಲ. ಬರೆಯಲಿ. ಪೆನ್ಸಿಲಿನಲ್ಲಿ ಮಾತ್ರ. ಪುಸ್ತಕ ನನ್ನ ಹೆಂಡತಿಯದು.'

ಹಾಗೆ ಮೂರು ತಾಲ್ಲೂಕಿನ ನಾವು ಮೂವರು ಮುಖ ನೋಡದೆ ಎರಡು ವರ್ಷ ಮಾತಾಡಿದೆವು. ಒಂದು ಕಾದಂಬರೀಲಿ ರಾಜಕುಮಾರಿ ಕಳಿಸಿದ ಓಲೆಯನ್ನ ದಾಸಿ ಮುಚ್ಚಿಟ್ಟಳು. ಇಬ್ಬರೂ ನೂರು ಪುಟ ನರಳಿದರು. ಆ ದಾಸಿ ಹೆಸರಿನ ಪಕ್ಕ ನಾನು ಬರೆದೆ: 'ಇವಳ ಕೈಗೆ ಬರೆ ಹಾಕಬೇಕು.' ಶ್ಯಾಮಲಾ ಅವರು 'ಎರಡೂ ಕೈಗೆ' ಅಂತ ಸೇರಿಸಿದರು. ಸೀತಾರಾಮಪ್ಪನವರು 'ಒಪ್ಪಿದೆ' ಅಂತ ಬರೆದು ಸಹಿ ಮಾಡಿದರು.

ಎರಡನೇ ವರ್ಷಕ್ಕೆ ಅಂಚಿನ ಮಾತು ಕಥೆಯಿಂದ ಸ್ವಲ್ಪ ಸ್ವಲ್ಪ ಈಚೆ ಬಂತು. 'ಈ ರಾಜನ ಹಾಗೆ ನನಗೂ ಒಬ್ಬನೇ ಊಟಕ್ಕೆ ಕೂರುವುದು ಬೇಜಾರು' ಅಂತ ಓರೆ ಅಕ್ಷರ. 'ಅಣ್ಣನ ಮನೆಯಲ್ಲಿ ಏಳು ಜನ ಇದ್ದೂ ನನ್ನ ತಟ್ಟೆ ಬೇರೆ ಹೊತ್ತಿಗೆ' ಅಂತ ಗುಂಡು ಅಕ್ಷರ. ಇಬ್ಬರ ಹತ್ರಾನೂ ಫೋನು ಇತ್ತು, ಶಿವು, ನಿರಂಜನ ನೋಡಿದಾರೆ. ನಂಬರು ಯಾರೂ ಕೇಳಲಿಲ್ಲ. ಅರುವತ್ತು ದಾಟಿದೋರು ನಂಬರು ಕೇಳಿದ್ರೆ ಅದಕ್ಕೊಂದು ಅರ್ಥ ಬರುತ್ತೆ. ಮಹಾರಾಜನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ್ರೆ ಮಹಾರಾಜನ ಬಗ್ಗೆ ಬರೆದ ಹಾಗೆ.

ಹೋದ ವರ್ಷ ಮಾಘದಲ್ಲಿ ಹೊದಿಕೆ ಇಲ್ಲದ ಒಂದು ಪುಸ್ತಕ ಬಂತು. ಒಬ್ಬ ಸಾಮಂತನ ಮಗಳು, ಒಬ್ಬ ದಂಡನಾಯಕ. ಅವಳಿಗೆ ಮುದುಕ ರಾಜನ ಜೊತೆ ಮದುವೆ ಗೊತ್ತಾಗಿದೆ, ದಂಡನಾಯಕ ಕೋಟೆ ಬಾಗಿಲಲ್ಲಿ ಕಾಯ್ತೀನಿ ಅಂತ ಹೇಳಿ ಕಳಿಸಿದಾನೆ. ನೂರಾ ಹದಿನೆಂಟನೇ ಪುಟ. ಅದರ ಅಂಚಿನಲ್ಲಿ ಓರೆ ಅಕ್ಷರ, ಯಾವತ್ತಿಗಿಂತ ಸಣ್ಣಗೆ: 'ಈ ತಿಂಗಳ ಕೊನೆಯ ಭಾನುವಾರ, ಹನ್ನೊಂದು ಗಂಟೆಗೆ ಕವಲೇದುರ್ಗದ ಕೋಟೆಯ ಮೊದಲನೇ ಬಾಗಿಲಲ್ಲಿ ಇರುತ್ತೇನೆ. ಬರುವುದಾದರೆ ಬನ್ನಿ. ಒಂದು ಮಾತು ಕೇಳುವುದಿದೆ.'

ಆ ಮಾತು ಏನು ಅಂತ ಅಷ್ಟು ಪುಸ್ತಕ ಓದಿದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲು ಖುಷಿಯೇ ಆಯ್ತು. ಒಂದು ಬಾಣಲೆ ಬೋಂಡ ತೆಗೆಯೋ ಹೊತ್ತಿಗೆ ಖುಷಿ ಇಳಿದು ಇನ್ನೊಂದು ಹತ್ತಿತು. ಇವರು ಒಂದೇ ಮನೇಲಿ ಕೂತು ಓದೋ ಹಾಗಾದ್ರೆ ಬಸ್ಸಿನಲ್ಲಿ ಪುಸ್ತಕ ಯಾಕೆ ಬರುತ್ತೆ? ಅಂಚಿನಲ್ಲಿ ಯಾಕೆ ಬರೀಬೇಕು? ಎರಡನೇ ಟ್ರಂಕು ಇನ್ನೂ ಅರ್ಧ ಇದೆ ಅಂತ ಶಿವು ಹೇಳಿದ್ದ. ನಂಗೆ ಬೇರೆ ಎಂತದಿದೆ, ಹಿಟ್ಟು ರುಬ್ಬೋದು ಬಿಟ್ಟು.

ಮೊಮ್ಮಗಳು ಬಿಟ್ಟು ಹೋದ ಒಂದು ರಬ್ಬರು ಕಪಾಟಿನಲ್ಲಿತ್ತು, ಕಿತ್ತಳೆ ವಾಸನೆಯದು. ನಾಲ್ಕನೇ ದಿನ ನಿರಂಜನನ ಬಸ್ಸು ಹಾರನ್ ಹಾಕುವಾಗ ಅಳಿಸಿದೆ. ಪೆನ್ಸಿಲಿನಲ್ಲಿ ಮಾತ್ರ ಅಂತ ಕಟ್ಟಳೆ ಮಾಡಿದ್ದು ಅವರೇ.

ಆ ಕೊನೆಯ ಭಾನುವಾರ ನಾನು ದೋಸೆ ಹೆಂಚಿನ ಮುಂದೆ ನಿಂತು ಹನ್ನೊಂದು ಗಂಟೆ ಆಗೋದನ್ನ ನೋಡಿದೆ. ಸೋಮವಾರ ತೀರ್ಥಹಳ್ಳಿ ಬಸ್ಸಿಂದ ಒಬ್ಬರು ಇಳಿದರು. ಮಂಕಿ ಕ್ಯಾಪು, ಮಂಡಿಗೆ ಪಟ್ಟಿ, ಕೈಯಲ್ಲಿ ಫ್ಲಾಸ್ಕಿನ ಚೀಲ. ಕಾದಂಬರಿಯಲ್ಲಾಗಿದ್ರೆ ಇವರನ್ನ ಕುದುರೆ ಲಾಯದಲ್ಲಿ ಇಡ್ತಿದ್ರು.

"ಇವ್ರೇ ಅತ್ತೆ, ಪುಸ್ತಕದೋರು" ಅಂದ ಶಿವು.

ಅವರು ಬೆಂಚಿನ ತುದೀಲಿ ಕೂತ್ರು. "ನೀವೇ ಅಲ್ವಾ ಮೂರನೆಯವರು?"

"ಹೂಂ."

"ಆ ಪಾಯಸದ ಪ್ರಶ್ನೆ ಚೆನ್ನಾಗಿತ್ತು."

ಚಾ ಕೊಟ್ಟೆ. ಅವರು ಫ್ಲಾಸ್ಕಿನ ಚೀಲ ಪಕ್ಕಕ್ಕಿಟ್ಟು ಲೋಟ ತಗೊಂಡರು. "ನಿನ್ನೆ ಕವಲೇದುರ್ಗಕ್ಕೆ ಹೋಗಿದ್ದೆ. ಹನ್ನೊಂದರಿಂದ ನಾಲ್ಕರ ತನಕ ಕೂತಿದ್ದೆ. ಫ್ಲಾಸ್ಕಲ್ಲಿ ಕಾಫಿ, ಎರಡು ಲೋಟ. ಒಂದು ಹಾಗೇ ವಾಪಸ್ ತಂದೆ, ತೊಳೆಯೋ ಕೆಲಸ ತಪ್ಪಿತು." ನಕ್ಕರು, ನಗು ಅಲ್ಲೇ ನಿಂತಿತು. "ಅವ್ರಿಗೆ ಇಷ್ಟ ಇಲ್ಲ. ತಪ್ಪೇನಿಲ್ಲ ಅದ್ರಲ್ಲಿ. ಆದ್ರೆ ಇನ್ಮೇಲೆ ನಾನು ಪುಸ್ತಕ ಕಳಿಸಿದ್ರೆ ಪೀಡಿಸಿದ ಹಾಗಾಗುತ್ತೆ. ಕಳ್ಸಲ್ಲ. ಆ ಹೊದಿಕೆ ಇಲ್ಲದ್ದು ಸಾಗರದಿಂದ ಬಂದ್ರೆ ನೀವೇ ಇಟ್ಕೊಳ್ಳಿ, ಕನ್ನಮ್ಮೋರೆ."

ಪುಸ್ತಕ ನಿಲ್ಲಬಾರದು ಅಂತ ಅಳಿಸಿದ್ದೆ. ಅಳಿಸಿದ್ದಕ್ಕೇ ನಿಂತಿತು. ಬಾಯಿ ತೆಗೆದೆ, "ಇನ್ನೊಂದು ಚಾ?" ಅಂತ ಬಂತು.

"ಬೇಡ" ಅಂದು ಅದೇ ಬಸ್ಸಿಗೆ ಹತ್ತಿದರು. ಮಂಡಿ ನೋವಿಗೆ ಬಾಗಿಲ ಕಂಬಿ ಹಿಡಿದು ಎರಡು ಸಲ ನಿಂತರು.

ಬುಧವಾರ ನಿರಂಜನ ಆ ಪುಸ್ತಕ ತಂದ. ನೇರ ನೂರಾ ಹದಿನೆಂಟಕ್ಕೇ ಹೋದೆ. ಅಳಿಸಿ ಹೊಳೆಯೋ ಜಾಗದ ಕೆಳಗೆ ಗುಂಡು ಅಕ್ಷರ: 'ಇಲ್ಲಿ ಏನೋ ಬರೆದು ಅಳಿಸಿದ್ದೀರಿ. ಮನಸ್ಸು ಬದಲಾಗಿರಬೇಕು. ಇರಲಿ. ಇನ್ನು ಪುಸ್ತಕ ಕಳಿಸುವ ತೊಂದರೆ ತಗೊಳ್ಳಬೇಡಿ.'

ಈಗ ಪುಸ್ತಕ ನಂದು. ಕೊಟ್ಟವರೇ ಕೊಟ್ಟಿದ್ದರು. ಸಾಮಂತನ ಮಗಳು ಅರಮನೆಯ ಹಿಂಬಾಗಿಲಿನ ಚಿಲಕಕ್ಕೆ ಕೈ ಇಟ್ಟಲ್ಲಿಗೆ ನನ್ನ ಅರ್ಧ ಮುಗಿದಿತ್ತು. ಅವಳು ತೆಗೆದಳೋ ಇಲ್ಲವೋ ಅಂತ ಹದಿನೈದು ದಿನದಿಂದ ಯೋಚನೆ ಮಾಡಿ ನಂದೇ ನಾಲ್ಕು ಥರ ಆಗಿತ್ತು. ಪುಟ ತಿರುವಿದ್ರೆ ಆಯ್ತು. ಆದ್ರೆ ಒಂದು ಪುಟ ಓದಿದ್ರೆ ಇನ್ನೊಂದು ಓದ್ತೀನಿ, ಕೊನೆಯ ತನಕ ಓದಿದ್ರೆ ಆಮೇಲೆ ಬರೀತೀನಿ ಅಂತ ಎತ್ತಿಡ್ತೀನಿ, ಎತ್ತಿಟ್ಟಿದ್ದು ಹಾಗೇ ಉಳಿಯುತ್ತೆ. ನನ್ನನ್ನ ನಾನು ಬಲ್ಲೆ.

"ನಿರಂಜನ, ನಿನ್ನ ಪೆನ್ನು ಕೊಡು."

"ಪೆನ್ಸಿಲು ಅಲ್ವಾ ನಿಮ್ದು?"

"ಇವತ್ತು ಪೆನ್ನು."

ಅಳಿಸಿದ ಜಾಗದ ಮೇಲೇ ಬರೆದೆ, ಸೀತಾರಾಮಪ್ಪನವರ ಮಾತು ಒಂದೂ ಬಿಡದೆ. ಓದಿದ್ದು ನನಗೆ ಮರೆಯಲ್ಲ. ಕೆಳಗೆ, 'ಅಳಿಸಿದ್ದು ನಾನು. ಅವರು ನಾಲ್ಕು ಗಂಟೆ ತನಕ ಕೂತಿದ್ದರು. ಕನ್ನಮ್ಮ, ಹೊಸನಗರ.' ಅಷ್ಟು ಬರೆಯೋಕೆ ಬಸ್ಸು ಐದು ನಿಮಿಷ ತಡ ಆಯ್ತು. ಡ್ರೈವರು ಬೈದ. ಅದೇ ಬಸ್ಸಿಗೆ ಪುಸ್ತಕ ತಿರುಗಿ ಸಾಗರಕ್ಕೆ ಹೋಯ್ತು.

ಎಂಟನೇ ದಿನ ಸಾಗರದ ಬಸ್ಸಿಂದ ಒಬ್ಬರು ದಪ್ಪನೆಯ ಹೆಂಗಸು ಇಳಿದು, ಸೊಂಟಕ್ಕೆ ಕೈ ಕೊಟ್ಟುಕೊಂಡು ನನ್ನ ಬೆಂಚಿಗೆ ಬಂದು ಕೂತ್ರು. ಒಂದು ಸೂಟ್‌ಕೇಸು, ಒಂದು ಕೈಚೀಲ. ಕೈಚೀಲದಿಂದ ಹೊದಿಕೆ ಇಲ್ಲದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ಯಾವ ರಬ್ಬರಲ್ಲಿ ಅಳಿಸಿದ್ದು ನೀವು?"

ಕಪಾಟಿನಿಂದ ತಂದು ತೋರಿಸಿದೆ. ಮೂಸಿ ನೋಡಿದರು. "ಅದೇ. ಪುಟಕ್ಕೆಲ್ಲ ಕಿತ್ತಳೆ ವಾಸನೆ. ಈ ವಯಸ್ಸಲ್ಲಿ ಸೀತಾರಾಮಪ್ಪೋರು ಇಂಥ ರಬ್ಬರು ಇಟ್ಕೊಂಡಿದಾರಲ್ಲ ಅಂತ ಅದೊಂದು ಬೇರೆ ದುಃಖ ಆಗಿತ್ತು ನಂಗೆ."

ನಾನು ಚಾ ಸೋಸಿದೆ.

"ದಾಸಿ ಕೈಗೆ ಬರೆ ಹಾಕಬೇಕು ಅಂತ ಬರೆದಿದ್ದು ನೀವೇ ಅಲ್ವಾ?"

"ನಾನೇ. ಎರಡೂ ಕೈಗೆ ಅಂತ ನೀವು ಅಂದ್ರಿ."

"ಈಗ ಬೇಡ ಬಿಡಿ. ಚಾ ಚೆನ್ನಾಗಿ ಮಾಡ್ತೀರಿ." ಒಂದು ಗುಟುಕು ಕುಡಿದು ತಮ್ಮ ಸೊಂಟ ತೋರಿಸಿದರು. "ನೀವು ಅಳಿಸದೇ ಇದ್ದಿದ್ರೂ ನಾನು ಅಲ್ಲಿಗೆ ಹೋಗ್ತಿರಲಿಲ್ಲ ಕಣ್ರೀ. ಇದನ್ನಿಟ್ಕೊಂಡು ಕೋಟೆ ಹತ್ತೋದಾ? ಬಸ್ ಸ್ಟ್ಯಾಂಡಿಗೆ ಕರೆದಿದ್ರೆ ಆಗ್ತಿರಲಿಲ್ವಾ ಆ ಮನುಷ್ಯನಿಗೆ?"

"ಅವರ ಮಂಡಿಯೂ ಸರಿಯಿಲ್ಲ" ಅಂದೆ.

"ಮತ್ತೆ? ಎಲ್ಲ ಇವುಗಳ ಹಾವಳಿ" ಅಂತ ಪುಸ್ತಕದ ಮೇಲೆ ಬೆರಳಿಂದ ಕುಟ್ಟಿದರು. ಆದ್ರೆ ಹಾಗೆ ಕುಟ್ಟಿದ ಕೈಯಲ್ಲೇ ಅದರ ಮಡಿಚಿದ ಮೂಲೆಯನ್ನ ನೇರ ಮಾಡಿದರು. "ನಾನು ನೇರ ಅರಳಸುರಳಿಗೆ ಹೋಗ್ತಿದೀನಿ. ಕೇಳೋದೇನಿದೆಯೋ ಮನೇಲಿ ಕೂತು ಕೇಳ್ಲಿ. ಅಣ್ಣನಿಗೆ ಹೇಳಿ ಬಂದಿದೀನಿ."

ಶಿವು ಬಂದು ಸೂಟ್‌ಕೇಸು ಎತ್ತಿದ. ಅವರು ಪುಸ್ತಕವನ್ನ ಕೈಚೀಲಕ್ಕೆ ಹಾಕೋದನ್ನ ನೋಡಿ ನಾನು ಕೇಳಿದೆ, ಕೇಳಬಾರದು ಅಂತ ಗೊತ್ತಿದ್ದೂ: "ಅವಳು ಚಿಲಕ ತೆಗೆದಳಾ?"

"ಯಾರು?"

"ಸಾಮಂತನ ಮಗಳು. ನಾನು ಅರ್ಧ ಮಾತ್ರ ಓದಿದ್ದು."

ಶ್ಯಾಮಲಾ ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಕೋಪ ಇರಲಿಲ್ಲ, ಇಂಜೆಕ್ಷನ್ ಕೊಡೋ ಮುಂಚೆ ನೋಡ್ತಾರಲ್ಲ, ಹಾಗೆ. "ಅದು ಮಾತ್ರ ಹೇಳಲ್ಲ ನಾನು" ಅಂದ್ರು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಕೈ ಬೀಸಿದರು.

ಆಮೇಲೆ ಯಾವ ಚೀಲವೂ ಬರಲಿಲ್ಲ. ಪುಸ್ತಕ ಕಳಿಸ್ತೀವಿ ಅಂದಿದಾರಂತೆ, ಶಿವು ಹೇಳ್ತಾನೆ. ಇಬ್ಬರೂ ಜಗಲೀಲಿ ಕೂತಿರ್ತಾರಂತೆ, ಓದೋದನ್ನ ಅವನು ಕಂಡಿಲ್ಲವಂತೆ. ನಾನು ಇಡ್ಲಿ ಬೇಯಿಸ್ತಾ ಒಂದು ದಿನ ಚಿಲಕ ತೆಗೆಸ್ತೀನಿ, ಒಂದು ದಿನ ತೆಗೆಸಲ್ಲ.

ಶ್ಯಾಮಲಾ ಅವರೂ ಆ ಪುಸ್ತಕವೂ ಹೊರಟಿದ್ದು ಹೋದ ವರ್ಷ ಫಾಲ್ಗುಣದಲ್ಲಿ, ಗುರುವಾರ, ಹತ್ತೂ ಇಪ್ಪತ್ತರ ತೀರ್ಥಹಳ್ಳಿ ಬಸ್ಸಿಗೆ.