ಮೇಣದ ಗಾಜು

ಬಿಸಿಲಿಗೆ ಬೇರೆ ಜಾಗವೇ ಸಿಗಲಿಲ್ಲವೇನೋ, ಚಾವಡಿಯ ಕಿಟಕಿಯಿಂದ ತೂರಿ ಸೀದಾ ದೀಪದ ಗಾಜಿನ ಮೇಲೇ ಬಂದು ಕೂತಿದೆ, ಒಳಗಿನ ಹರಳೆಣ್ಣೆ ಹೊಳೆಯುತ್ತಿದೆ, ಗುರುಸ್ವಾಮಿಯ ಕೈ ರಾಟೆಯ ಹಿಡಿಯ ಮೇಲಿದೆ, ತಿರುಗಿಸಬೇಕು, ಇನ್ನೂ ತಿರುಗಿಸಿಲ್ಲ — ಅವ್ವನ ರಾಟೆ, ಮೊಳಕಾಲ್ಮೂರಿನ ಮನೆಯಲ್ಲಿ ರೇಷ್ಮೆ ಸುತ್ತಿದ ರಾಟೆ, ಈಗ ಗಾಜಿನ ಕೊಳವೆಯೊಳಗೆ ಒಂದು ಕಬ್ಬಿಣದ ಕೋಲನ್ನು ತಿರುಗಿಸುತ್ತದೆ, ಕೋಲೇ ಶಾಫ್ಟು, ಗಾಜೇ ಬೇರಿಂಗು, ಚಳ್ಳಕೆರೆಯ ಹತ್ತಿ ಗಿರಣಿಯ ಶಾಫ್ಟು ಯಾಕೆ ಕಚ್ಚಿಕೊಂಡಿತು ಅಂತ ಅಮಲ್ದಾರರಿಗೆ ತೋರಿಸಬೇಕು. ಪಕ್ಕದಲ್ಲಿ ಇಂಜಿನ್ನಿನ ಕ್ಯಾತಣ್ಣ ನಿಂತಿದ್ದಾನೆ, ಗುರುಸ್ವಾಮಿ ಅವನ ಕೈಯಾಳು, ಹೆಂಡತಿ ಸತ್ತು ಹನ್ನೊಂದು ದಿನ, ಗಡ್ಡ ಬೆಳೆದಿದೆ, ಅವನ ಕಡೆ ನೋಡಬಾರದು. ಎಣ್ಣೆ ಹಾಕಿದ್ದೆ ಕಣಲೇ ಗುರು, ನಿನ್ನ ಕೈಯಿಂದಲೇ ಡಬ್ಬಿ ಇಸ್ಕೊಂಡೆನಲ್ಲ, ಧಣಿ ಮಾತ್ರ ನಂಬಂಗಿಲ್ಲ, ಎಣ್ಣೆ ಇದ್ರೂ ಹಿಡ್ಕೊಳ್ಳುತ್ತೆ ಅಂತ ನೀನು ಏನಾರ ಮಾಡಿ ತೋರ್ಸು, ಇಲ್ದಿದ್ರೆ ನಂಗೆ ಜೈಲೇ ಗತಿ, ಅಂತ ಅಂಗಲಾಚಿದ್ದ. ತೋರಿಸಬಹುದು. ಅದೇ ಕಷ್ಟ, ತೋರಿಸಬಹುದು.

ಗಿರಣಿಗೆ ಹೊಸ ಹಿತ್ತಾಳೆ ಬುಷ್, ಶಾಫ್ಟು ಕೂತು ತಿರುಗುವ ಬಳೆ, ಬಂದ ದಿನ, ಕ್ಯಾತಣ್ಣ ಊಟಕ್ಕೆ ಹೋಗಿದ್ದ, ಬುಷ್ ಸ್ವಲ್ಪ ಬಿಗಿ, ಗುರುಸ್ವಾಮಿ ಬೆರಳಾಡಿಸಿ ನೋಡಿದ, ಅವ್ವ ಗೋವಿಂದಮ್ಮ ಮಗ್ಗದ ಮುಂದೆ ಕೂತು ಹೇಳುತ್ತಿದ್ದುದು ಕಿವಿಯಲ್ಲೇ ಇತ್ತು, ಲಾಳಿ ಅಂಟಿಕೊಂಡರೆ ಮೈನಂ ರಾಯರಾ, ಜಾರುತುಂದಿ, ಮೇಣ ಹಚ್ಚೋ, ಜಾರುತ್ತೆ, ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ವಿದ್ಯೆ ಯಾವುದು, ಜೇಬಿನಿಂದ ಮೇಣದ ಉಂಡೆ ತೆಗೆದ, ಬುಷ್ಷಿನ ಒಳಮೈಗೆಲ್ಲ ತಿಕ್ಕಿದ, ಕನ್ನಡಿ ಹಾಗೆ ಮಾಡಿದ, ಆಮೇಲೆ ಹೇಳೋಣ, ಚೆನ್ನಾಗಿ ಓಡಲಿ, ಶಭಾಸ್ ಅಂದಾಗ ಹೇಳೋಣ — ಅಯ್ಯೋ, ಶಭಾಸ್ ಬೇಕಿತ್ತು ದೊಡ್ಡ ಮನುಷ್ಯನಿಗೆ. ಗಿರಣಿ ಓಡಿದ ಮೂರನೇ ಗಂಟೆಗೆ ಸುಟ್ಟ ವಾಸನೆ, ಕಿರ್ರೆಂದು ಶಾಫ್ಟು ನಿಂತಿತು, ಬೆಲ್ಟು ಹರಿದು ಹಾರಿತು, ಹತ್ತಿ ಬಿಡಿಸುತ್ತಿದ್ದ ಕ್ಯಾತಣ್ಣನ ಹೆಂಡತಿ ಓಬಕ್ಕ ತಲೆ ಎತ್ತಿದಳು, ಬೆಲ್ಟು ಬಡಿಯಿತು, ಅಷ್ಟೇ. ಬೆಳಿಗ್ಗೆ ತಾನೇ ಅವಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ತಿನ್ನೋ, ಇಷ್ಟು ಸಣ್ಣಕೆ ಇದ್ರೆ ನಿಂಗೆ ಹೆಣ್ಣು ಯಾರು ಕೊಡ್ತಾರೆ ಅಂದಿದ್ದಳು.

ಕ್ಯಾತಣ್ಣನಿಗಾಗಿಯೇ ಗಾಜು ಕೂಡಿಸಿದ್ದು, ದೇವರಾಣೆ. ಬರಿ ಗಾಜಿನಲ್ಲಿ ಎಷ್ಟು ಸಲ ತಿರುಗಿಸಿದರೂ ಶಾಫ್ಟು ಹಿಡಿಯಲಿಲ್ಲ, ಎಣ್ಣೆ ಕೋಲಿಗೂ ಅಂಟಿ ಗಾಜಿಗೂ ಅಂಟಿ, ಸಂದಿ ಕಿರಿದಾದಲ್ಲಿ ನುಗ್ಗಿ ಒತ್ತಾಗಿ ಕೋಲನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಸಂದಿ ಮತ್ತೆ ಅಗಲವಾದಲ್ಲಿ ಮಾತ್ರ ಎಣ್ಣೆ ಸಾಲದೆ ಹರಿದು ಒಂದು ಸಣ್ಣ ಬಿಳಿ ಬಿರುಕು ಬಾಯಿ ತೆರೆಯುತ್ತದೆ, ಅದರಿಂದ ಏನೂ ಕೇಡಿಲ್ಲ. ನಾಲ್ಕನೇ ದಿನ, ಬುಷ್ಷಿಗೆ ತಿಕ್ಕಿದ್ದು ನೆನಪಾಗಿ, ಇನ್ನೊಂದು ಗಾಜಿನ ಒಳಗೆ ಮೇಣ ತಿಕ್ಕಿದ. ಎಣ್ಣೆಗೆ ಗಾಜಿನ ಹಿಡಿತವೇ ತಪ್ಪಿತು, ಇದ್ದಲ್ಲೇ ಜಾರಿತು, ಕಿರಿದಾದ ಸಂದಿಗೆ ಹೋಗಲೊಲ್ಲದು, ಬಿಳಿ ಬಿರುಕು ಅಗಲವಾಗುತ್ತಾ ಕೋಲಿನ ಕೆಳಗೇ ನುಗ್ಗಿತು, ಕಿರ್ರ್, ಕೋಲು ಗಾಜಿಗೆ ಕೂತಿತು. ಎಣ್ಣೆ ತುಂಬಾ ಇತ್ತು. ಎಣ್ಣೆ ಇದ್ದೂ ಕೂತಿತು. ಆ ಗಾಜು ಈಗ ಅವನ ಚೀಲದಲ್ಲಿದೆ, ಮೊಣಕಾಲಿಗೆ ತಾಗುತ್ತಿದೆ, ತೆಗೆದಿಟ್ಟರೆ ಕ್ಯಾತಣ್ಣ ಉಳಿಯುತ್ತಾನೆ, ಮೇಣ ಹಚ್ಚಿದವರು ಯಾರಯ್ಯಾ ಅಂತ ಅಮಲ್ದಾರರು ಕೇಳುತ್ತಾರೆ, ಕ್ಯಾತಣ್ಣ ತಿರುಗಿ ನೋಡುತ್ತಾನೆ, ಜೈಲಾದರೂ ಆದೀತು, ಆ ನೋಟ ಆಗದು, ಆದರೂ ತೆಗೆಯಬೇಕು, ಈಗ, ಈ ಗಾಜು ಬಿಚ್ಚಿ ಅದನ್ನು ಇಡು, ಕೈ ಚೀಲಕ್ಕೆ ಹೋಗಲಿ.

ಏನಪ್ಪಾ, ತಿರುಗಿಸ್ತೀಯೋ ಇಲ್ಲವೋ. ಅಮಲ್ದಾರರ ದನಿ. ಕೈ ತಿರುಗಿಸಿತು. ಬರಿ ಗಾಜಿನಲ್ಲೇ ತಿರುಗಿಸಿತು, ಎಣ್ಣೆ ಏರಿತು, ಕೋಲು ಎದ್ದು ಹಗುರಾಗಿ ಸುತ್ತಿತು, ಸದ್ದೇ ಇಲ್ಲ, ಅಮಲ್ದಾರರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು, ಭೇಷ್, ಎಣ್ಣೆ ಇದ್ದರೆ ಹಿಡಿಯುವುದೇ ಇಲ್ಲ ಅಂತಾಯಿತು, ಅಲ್ಲವೇನಯ್ಯಾ. ಹೇಳು, ಈಗಲಾದರೂ ಹೇಳು, ಕ್ಯಾತಣ್ಣ ಗಾಜನ್ನೇ ನೋಡುತ್ತಿದ್ದಾನೆ, ಟವೆಲ್ಲು ಹೆಗಲಿಂದ ಇಳಿಸಿದ. ಗುರು ಸುಳ್ಳು ತೋರ್ಸೋ ಆಸಾಮಿ ಅಲ್ಲ ಸ್ವಾಮಿ, ಹಂಗಾರೆ ನಾನೇ ಎಣ್ಣೆ ಮರ್ತಿರ್ಬೇಕು, ನಾನೇ ಅವಳನ್ನ ಕೊಂದಿರ್ಬೇಕು. ಗುಮಾಸ್ತ ಬರೆದುಕೊಳ್ಳುತ್ತಿದ್ದಾನೆ, ಲೇಖನಿ ಕರಕರ ಅನ್ನುತ್ತಿದೆ, ಸಾಕು ನಿಲ್ಲಿಸಯ್ಯಾ ಅನ್ನುತ್ತಿದ್ದಾರೆ, ಕೈ ನಿಲ್ಲುತ್ತಿಲ್ಲ, ಕೋಲು ಸುತ್ತುತ್ತಿದೆ, ಸಂದಿ ಅಗಲವಾಗುವ ಅದೇ ಜಾಗದಲ್ಲಿ ಎಣ್ಣೆ ಹರಿದು ಬಿಳಿ ಬಿರುಕು ಬಾಯಿ ತೆರೆಯುತ್ತದೆ, ಮುಚ್ಚುವುದಿಲ್ಲ, ಎಷ್ಟು ತಿರುಗಿಸಿದರೂ ಅಲ್ಲೇ, ಬಿಳಿ ಬಿರುಕು, ಅಲ್ಲೇ, ಬಿಳಿ ಬಿರುಕು